ಒಂದು ಸಮಾಸಪದದ ವಿಗ್ರಹವಾಕ್ಯ

ಎರಡು ಪದಗಳು ಕೂಡಿ ಒಂದು ಪದವಾಗುವಾಗ ಅವುಗಳ ನಡುವಿನ ವಿಭಕ್ತಿಪ್ರತ್ಯಯವು ಲೋಪವಾಗುತ್ತದೆಂಬುದು ವ್ಯಾಕರಣದ ಆರಂಭದ ಪಾಠಗಳಲ್ಲಿ ಒಂದು. ‘ಅರಸನ ಮನೆ’ ಎಂಬುದು ‘ಅರಮನೆ’ಯಾಗುತ್ತದೆ, ‘ಕಣ್ಣಿನ ನೀರು’ ಎಂಬುದು ‘ಕಣ್ಣೀರು’ ಆಗುತ್ತದೆ. ಕಿವಿಗೆ ಪ್ರತ್ಯಯ ಕೇಳಿಸುವುದಿಲ್ಲ. ಆದರೆ ಅರ್ಥ ನಿಂತಿರುವುದು ಅದರ ಮೇಲೆಯೇ. ಅದನ್ನು ಹೊರತಂದು ಬಿಡಿಸಿ ಹೇಳುವ ವಾಕ್ಯಕ್ಕೆ ವಿಗ್ರಹವಾಕ್ಯವೆಂದು ಹೆಸರು. ವರ್ತಕರ ಭಾಷೆಯಲ್ಲಿ ಹೇಳುವುದಾದರೆ, ಸಮಾಸವು ಖಾತೆಯ ಒಟ್ಟು ಮೊತ್ತವಿದ್ದಂತೆ. ಮೊತ್ತವನ್ನು ನೋಡಿದ ಮಾತ್ರಕ್ಕೆ ಯಾರಿಂದ ಬಂದಿತು, ಯಾರಿಗೆ ಸಲ್ಲಬೇಕು ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ದಿನಚರಿಯ ಪುಸ್ತಕವನ್ನೇ ತೆರೆಯಬೇಕು.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ವಾಸವಾಗಿರುವ ವೃದ್ಧ ವರ್ತಕರೊಬ್ಬರು ಹೀಗೆ ಒಂದು ಪದದ ಪುಸ್ತಕವನ್ನು ತೆರೆದು ನೋಡಬೇಕಾಗಿ ಬಂದ ಪ್ರಸಂಗವು ಇಲ್ಲಿ ನಿರೂಪಿತವಾಗಿದೆ. ಸಂತೇಪೇಟೆಯಲ್ಲಿ ಅವರದು ತಂದೆಯ ಕಾಲದಿಂದ ಬಂದ ದವಸಧಾನ್ಯದ ಅಂಗಡಿ. ಈಗ ವಹಿವಾಟನ್ನೆಲ್ಲ ಮಗ ನೋಡಿಕೊಳ್ಳುತ್ತಾನೆ. ಬೆಳಗಿನ ಸ್ವಾಧ್ಯಾಯ, ಸಂಜೆ ಮಾತೃಮಂಡಳಿ ವೃತ್ತದವರೆಗೆ ಒಂದು ನಡಿಗೆ, ನಡುವೆ ಹಳೆಯ ವ್ಯಾಕರಣಗ್ರಂಥಗಳ ಪಠನ ಇವು ಅವರ ದಿನಕ್ರಮ. ಕವಿ ಜನ್ನನ ಸೋದರಳಿಯನಾದ ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ಸಮಾಸಪ್ರಕರಣ ಅವರಿಗೆ ವಿಶೇಷವಾಗಿ ಪ್ರಿಯವಾದುದು.

ಅವರು ವಾಸಿಸುವ ಬಡಾವಣೆಯ ಹೆಸರೇ ಒಂದು ಸಮಾಸ. ಒಂಟಿಯಾದ ಕೊಪ್ಪಲು ಒಂಟಿಕೊಪ್ಪಲು. ಎರಡೂ ಅಚ್ಚಕನ್ನಡ ಪದಗಳು. ಕೊಪ್ಪಲು ಎಂದರೆ ದೊಡ್ಡ ಊರಿನಿಂದ ಸ್ವಲ್ಪ ದೂರದಲ್ಲಿ ನಾಲ್ಕಾರು ಮನೆ ಕಟ್ಟಿಕೊಂಡ ಸಣ್ಣ ವಸತಿ. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ಕನ್ನೇಗೌಡನಕೊಪ್ಪಲು ಇವೆಲ್ಲ ಮೈಸೂರಿನ ಸುತ್ತ ಹೀಗೆ ಹುಟ್ಟಿ, ಬಳಿಕ ನಗರದೊಳಗೆ ಸೇರಿಹೋದ ಹೆಸರುಗಳು. ಸರ್ಕಾರಿ ಕಾಗದಪತ್ರಗಳಲ್ಲಿ ಇದೇ ಭಾಗಕ್ಕೆ ವಾಣಿವಿಲಾಸ ಮೊಹಲ್ಲ ಎಂಬ ಹೆಸರೂ ಉಂಟು. ಅದರಲ್ಲಿ ಸಂಸ್ಕೃತ ಮತ್ತು ಅರಬ್ಬಿ ಪದಗಳು ಒಂದೇ ಛಾವಣಿಯಡಿ ಜಗಳವಿಲ್ಲದೆ ಬಾಳುತ್ತಿವೆ. ಹಳೆಯ ಕೊಪ್ಪಲು ಈಗ ಒಂಟಿಯೂ ಅಲ್ಲ, ಕೊಪ್ಪಲೂ ಅಲ್ಲ. ನಿವೇಶನದ ಬೆಲೆ ಏರಿದಂತೆಲ್ಲ ಹಿತ್ತಲುಗಳು ಒಂದೊಂದಾಗಿ ಕಟ್ಟಡಗಳಾಗಿವೆ.

ವರ್ತಕರ ಮನೆಗೆ ಮಾತ್ರ ಹಿತ್ತಲು ಉಳಿದಿತ್ತು. ಅಲ್ಲಿ ಒಂದು ನೆಲ್ಲಿ, ಒಂದು ಹೊಂಗೆ, ನೀರು ಬತ್ತಿದ ಒಂದು ಬಾವಿ, ಅದರ ಪಕ್ಕದಲ್ಲಿ ಹೆಂಚಿನ ಎರಡು ಕೋಣೆಗಳು. ಆ ಕೋಣೆಗಳಲ್ಲಿ 14 ವರ್ಷಗಳಿಂದ ಒಬ್ಬ ಉಪಾಧ್ಯಾಯಿನಿ ಶಿಶುವಿಹಾರವನ್ನು ನಡೆಸುತ್ತಿದ್ದರು. ಮಕ್ಕಳ ಸಂಖ್ಯೆ ಎಂದೂ 30 ದಾಟಿದ್ದಿಲ್ಲ. ತರಕಾರಿ ಮಾರುವವರ, ಆಟೋ ಓಡಿಸುವವರ, ಬ್ಯಾಂಕಿನ ಗುಮಾಸ್ತರ ಮಕ್ಕಳು ಬೆಳಗ್ಗೆ ಬಂದು ಮಧ್ಯಾಹ್ನ ಹಿಂತಿರುಗುತ್ತಿದ್ದರು. ಅದನ್ನು ಅಲ್ಲಿ ಆರಂಭಿಸಲು ಒತ್ತಾಯಿಸಿದವರು ವರ್ತಕರ ಪತ್ನಿ. ಆಕೆ ತೀರಿಕೊಂಡ ವರ್ಷ ಉಪಾಧ್ಯಾಯಿನಿ ಬಂದು, “ಯಜಮಾನರೇ, ಇನ್ನು ಕೋಣೆಗಳನ್ನು ಬಿಟ್ಟುಕೊಡಬೇಕೆ?” ಎಂದು ಕೇಳಿದಾಗ, “ನಿಮ್ಮ ಕೈಯಲ್ಲಿ ನಡೆಯುವಷ್ಟು ಕಾಲ ನಡೆಸಿಕೊಂಡು ಹೋಗಿ ತಾಯಿ” ಎಂದು ವರ್ತಕರು ಹೇಳಿದ್ದರು. ಆ ಮಾತಿಗೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಬಾಡಿಗೆ ತಿಂಗಳಿಗೆ 8,000 ರೂಪಾಯಿ.

ಹೀಗಿರುವಾಗ ಹಲವು ಊರುಗಳಲ್ಲಿ ಶಾಖೆಗಳಿರುವ ಒಂದು ಶಾಲಾಸಂಸ್ಥೆಯವರು ಆ ಸ್ಥಳವನ್ನು ಕೇಳಿಕೊಂಡು ಬಂದರು. ತಿಂಗಳಿಗೆ 55,000 ರೂಪಾಯಿ ಬಾಡಿಗೆ, ಐದು ವರ್ಷಗಳ ನೋಂದಾಯಿತ ಕರಾರು. ಅವರ ಹಲಗೆಯ ಮೇಲಿನ ಹೆಸರಿನಲ್ಲಿ ‘ಗಾರ್ಡನ್’ ಎಂಬ ಪದವಿತ್ತು. ಕರಾರಿನ ಕರಡಿನಲ್ಲಿ ಮಾತ್ರ, ಎರಡು ಮರಗಳನ್ನು ತೆಗೆಸಿ, ಬಾವಿಯನ್ನು ಮುಚ್ಚಿಸಿ, ನೆಲವನ್ನು ಸಮ ಮಾಡಿ ಕೊಡತಕ್ಕದ್ದು ಎಂಬ ಷರತ್ತಿತ್ತು. ಆ ನೆಲದ ಮೇಲೆ ಅವರು ಕೃತಕ ಹುಲ್ಲನ್ನು ಹಾಸುವವರಿದ್ದರು.

ಮಗನ ವಾದ ಅನ್ಯಾಯದ್ದೆಂದು ಹೇಳುವಂತಿರಲಿಲ್ಲ. ಅಂಗಡಿಯ ಮೇಲೆ ಸಾಲವಿತ್ತು, ವ್ಯಾಪಾರ ಮೊದಲಿನಂತಿರಲಿಲ್ಲ. ವರ್ಷಕ್ಕೆ 5,64,000, ಐದು ವರ್ಷಕ್ಕೆ 28,20,000 ರೂಪಾಯಿ ವ್ಯತ್ಯಾಸವೆಂಬುದನ್ನು ತಂದೆಗೆ ಲೆಕ್ಕ ಮಾಡಿ ತೋರಿಸುವ ಅಗತ್ಯವೂ ಇರಲಿಲ್ಲ. ಅವರು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದರು. “ಅವರದೂ ಮಕ್ಕಳ ಶಾಲೆಯೇ ಅಪ್ಪ. ಒಂದು ಶಿಶುವಿಹಾರ ಹೋಗಿ ಇನ್ನೊಂದು ಬರುತ್ತದೆ, ಅಷ್ಟೇ” ಎಂದ ಮಗ. ತಂದೆ ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದ್ದರಿಂದ ತನ್ನ ಹೆಸರಿಗೇ ಬಾಡಿಗೆ ಬರಲಿ, ಆಗ ವ್ರತಕ್ಕೂ ಭಂಗವಿಲ್ಲ ಎಂದೂ ಸೂಚಿಸಿದ. ವರ್ತಕರು ಎರಡು ದಿನ ಯೋಚಿಸಿ, ಮೂರು ತಿಂಗಳೊಳಗೆ ಕೋಣೆಗಳನ್ನು ತೆರವು ಮಾಡಿಕೊಡಬೇಕೆಂದು ಉಪಾಧ್ಯಾಯಿನಿಗೆ ಒಂದು ಪತ್ರವನ್ನು ಬರೆದು, ಸಹಿ ಮಾಡಿ, ಮೇಜಿನ ಖಾನೆಯಲ್ಲಿ ಇಟ್ಟರು. ಕೊಡಲಿಲ್ಲ, ಹರಿಯಲೂ ಇಲ್ಲ.

ಆಷಾಢಮಾಸ ಬಂದಿತು. ಚಾಮುಂಡಿಬೆಟ್ಟಕ್ಕೆ ಶುಕ್ರವಾರದ ಜನಸಂದಣಿ, ಊರಿಗೆಲ್ಲ ತುಂತುರುಮಳೆ. ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳು, ಅಲ್ಲಿಯ ಬೇಸಗೆಯ ರಜೆಯಲ್ಲಿ ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ತವರಿಗೆ ಬಂದಳು. ಬಂದ ಮರುದಿನ ಬೆಳಗ್ಗೆ ಹಿತ್ತಲಿನಲ್ಲಿ ಮಕ್ಕಳ ಗಲಾಟೆ ಕೇಳಿದ ಮೊಮ್ಮಗಳು ಕಿಟಕಿಯ ಸರಳುಗಳನ್ನು ಹಿಡಿದು, “ತಾತ, ಬಾರ್ನೆಹಾಗೆ!” ಎಂದು ಕೂಗಿದಳು.

“ಯಾರ ಹಾಗೆ ಮಗು?” ಎಂದು ತಾತ ಕೇಳಿದರು.

ಮಗಳು ನಕ್ಕು ವಿವರಿಸಿದಳು. ಆ ದೇಶದ ಭಾಷೆಯಲ್ಲಿ ‘ಬಾರ್ನ್’ ಎಂದರೆ ಮಗು, ‘ಹಾಗೆ’ ಎಂದರೆ ತೋಟ. ಎರಡೂ ಕೂಡಿ ‘ಬಾರ್ನೆಹಾಗೆ’. ಶಾಲೆಗೆ ಸೇರುವ ಮುಂಚೆ ಮಕ್ಕಳು ಹೋಗುವ ಸ್ಥಳ. ಕನ್ನಡದ ಕಿವಿಗೆ ಅದು ‘ಮಗುವಿನ ಹಾಗೆ’ ಎಂದು ಕೇಳಿಸಿದ್ದು ಆಕಸ್ಮಿಕ. ಆದರೆ ವ್ಯಾಕರಣದಲ್ಲಿ ಆಸಕ್ತಿಯುಳ್ಳ ಹಿರಿಯರಿಗೆ ಆ ಪದ ಹಿಡಿಸಿತು. ಅದು ಎಲ್ಲಿಂದ ಬಂದಿತೆಂದು ತಿಳಿಯುವ ಕುತೂಹಲ ಹುಟ್ಟಿತು. ಮಗಳು ತಾನು ಬಲ್ಲದ್ದನ್ನು ಹೇಳಿದಳು, ಉಳಿದುದನ್ನು ಅವರು ಪುಸ್ತಕಗಳಲ್ಲಿ ಹುಡುಕಿದರು. ಹೀಗೆ ಕೆಲವು ದಿನಗಳಲ್ಲಿ ಅವರಿಗೆ ತಿಳಿದುಬಂದ ವಿಷಯ ಇಷ್ಟು.

ನಾರ್ವೆಯಲ್ಲಿ ಚಿಕ್ಕ ಮಕ್ಕಳ ಮೊದಲ ಸಂಸ್ಥೆ 1837ರಲ್ಲಿ ಅದೇ ಟ್ರಾಂಡ್‌ಹೈಮ್ ನಗರದಲ್ಲಿ ಆರಂಭವಾಯಿತು. ಆಗ ಅದರ ಹೆಸರು ‘ಬಾರ್ನೆಅಸೀಲ್’, ಅಂದರೆ ಮಕ್ಕಳ ಆಶ್ರಯಸ್ಥಾನ. ತಾಯ್ತಂದೆಯರು ದುಡಿಯಲು ಹೋದಾಗ ಬಡಮಕ್ಕಳು ಬೀದಿಪಾಲಾಗದಂತೆ ಕಾಪಾಡುವುದು ಅದರ ಉದ್ದೇಶ. ಅದೇ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣಚಿಂತಕನು ಎಳೆಯ ಮಕ್ಕಳ ಆಟಪಾಠಗಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1782ರಲ್ಲಿ ಹುಟ್ಟಿದ ಫ್ರೋಬೆಲ್ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು. ಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿತವನು. ತನ್ನ ಸಂಸ್ಥೆಗೆ ತಕ್ಕ ಹೆಸರು ಅವನಿಗೆ ಬಹುಕಾಲ ಹೊಳೆಯಲಿಲ್ಲ. ಗೆಳೆಯರೊಡನೆ ಗುಡ್ಡದ ದಾರಿಯಲ್ಲಿ ನಡೆದು ಬರುತ್ತಿದ್ದಾಗ, ಕೆಳಗಿನ ಕಣಿವೆಯನ್ನು ಕಂಡು, ಥಟ್ಟನೆ ನಿಂತು ‘ಕಿಂಡರ್‌ಗಾರ್ಟನ್’ ಎಂದು ಉದ್ಗರಿಸಿದನೆಂದು ಅವನ ಸಹಚರರು ಹೇಳಿದ್ದುಂಟು. 1840ರಿಂದ ಆ ಹೆಸರು ಪ್ರಚಾರಕ್ಕೆ ಬಂದಿತು. ‘ಕಿಂಡರ್’ ಎಂದರೆ ಮಕ್ಕಳು, ‘ಗಾರ್ಟನ್’ ಎಂದರೆ ತೋಟ.

ಮುಂದೆ ಆ ಹೆಸರು ದೇಶದಿಂದ ದೇಶಕ್ಕೆ ಹೋಯಿತು. ಇಂಗ್ಲಿಷರು ಅದನ್ನು ಹಾಗೆಯೇ ಎತ್ತಿಕೊಂಡರು. ಡೇನಿಷರು ಮತ್ತು ನಾರ್ವೆಯವರು ಅದನ್ನು ಬಿಡಿಸಿ, ಅರ್ಥವನ್ನು ನೋಡಿ, ತಮ್ಮ ಮನೆಯ ಎರಡು ಪದಗಳನ್ನು ತಂದು ಮತ್ತೆ ಜೋಡಿಸಿದರು. ನಾರ್ವೆಯು ಅನೇಕ ಶತಮಾನಗಳ ಕಾಲ ಡೆನ್ಮಾರ್ಕಿನ ಅಧೀನದಲ್ಲಿದ್ದುದರಿಂದ ಅಲ್ಲಿನ ಬರವಣಿಗೆಯ ಭಾಷೆ ಬಹುಮಟ್ಟಿಗೆ ಡೇನಿಷ್ ಆಗಿತ್ತು. ಮೊದಲು ಬಳಕೆಯಲ್ಲಿದ್ದ ರೂಪ ‘ಬಾರ್ನೆಹಾವೆ’. ನಾಡು ಸ್ವತಂತ್ರವಾಗಿ ತನ್ನ ನುಡಿಯನ್ನು ತಿದ್ದಿಕೊಂಡಂತೆ, ಡೇನಿಷ್ ಪದವಾದ ‘ಹಾವೆ’ ಹಿಂದೆ ಸರಿದು, ಜನರ ಬಾಯಲ್ಲಿದ್ದ ‘ಹಾಗೆ’ ಬರವಣಿಗೆಯಲ್ಲಿಯೂ ನೆಲೆಗೊಂಡಿತು. 1975ರಲ್ಲಿ ಅಲ್ಲಿನ ಸಂಸತ್ತು ಇಂತಹ ಸಂಸ್ಥೆಗಳಿಗಾಗಿಯೇ ಒಂದು ಕಾನೂನನ್ನು ಮಾಡಿದಾಗ, ಅದರ ಹೆಸರಿನಲ್ಲಿಯೂ ಈ ಪದವೇ ಇತ್ತು.

ಪದದ ಬೇರನ್ನು ಇನ್ನೂ ಕೆದಕಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಹಾಗೆ’ಯ ಮೂಲರೂಪಕ್ಕೆ ಬೇಲಿ ಕಟ್ಟಿದ ಹುಲ್ಲುಗಾವಲು ಎಂದು ಅರ್ಥ. ಇಂಗ್ಲಿಷಿನಲ್ಲಿ ಗಿಡಗಳ ಬೇಲಿಗೆ ಇರುವ ‘ಹೆಡ್ಜ್’ ಎಂಬ ಪದವೂ, ನೆದರ್ಲೆಂಡ್ಸಿನ ಹೇಗ್ ನಗರದ ಹೆಸರೂ ಅದೇ ಮನೆತನದವು. ‘ಗಾರ್ಟನ್’ ಎಂಬುದರ ಮೂಲಾರ್ಥವೂ ಆವರಣವೇ. ಸಂಸ್ಕೃತದ ‘ಗೃಹ’ ಶಬ್ದವು ಅದರ ದೂರದ ಬಂಧುವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅಂದರೆ ತೋಟವೆಂಬ ಕಲ್ಪನೆ ಹುಟ್ಟಿದ್ದು ಹೂವಿನಿಂದಲ್ಲ, ಬೇಲಿಯಿಂದ. ಯಾವುದನ್ನು ಕಾಪಾಡಬೇಕೋ ಅದರ ಸುತ್ತ ಮೊದಲು ಬೇಲಿ ಬಂದಿತು.

ಇಷ್ಟು ತಿಳಿದ ಮೇಲೆ ವರ್ತಕರ ಗಮನ ಸಹಜವಾಗಿಯೇ ಮನೆಯ ಹಿತ್ತಲಿನ ಹಲಗೆಯ ಕಡೆಗೆ ತಿರುಗಿತು. ಅದೇ ಜರ್ಮನ್ ಪದ ನಮ್ಮ ದೇಶಕ್ಕೆ ಬಂದಾಗ ಏನಾಯಿತು? ಗುಜರಾತಿನಲ್ಲಿ ವಕೀಲಿ ವೃತ್ತಿಯನ್ನು ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ತೆರೆದ ಸಂಸ್ಥೆಗೆ ‘ಬಾಲಮಂದಿರ’ವೆಂದು ಹೆಸರಿಟ್ಟರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ‘ಬಾಲವಾಡಿ’ಯನ್ನು ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಅವರ ಪ್ರಯೋಗದಿಂದ ‘ಅಂಗನವಾಡಿ’ ಎಂಬ ಪದ ಬಂದಿತು. ‘ವಾಡಿ’ಯ ಮೂಲವಾದ ಸಂಸ್ಕೃತದ ‘ವಾಟ’, ‘ವಾಟಿಕಾ’ ಶಬ್ದಗಳಿಗೂ ಬೇಲಿಯೊಳಗಿನ ಜಾಗ, ತೋಟ ಎಂದೇ ಅರ್ಥ. ನಾರ್ವೆಯ ‘ಹಾಗೆ’ಗೂ ನಮ್ಮ ‘ವಾಡಿ’ಗೂ ಭಾವದಲ್ಲಿ ಭೇದವಿಲ್ಲ. ನಾರ್ವೆಯ ಕಾನೂನು ಬಂದ ಅದೇ 1975ರಲ್ಲಿ, ಅಕ್ಟೋಬರ್ 2ರಂದು, ಭಾರತ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಒಂಟಿಕೊಪ್ಪಲಿನಿಂದ ಹೊರಟರೆ ಒಂದು ಗಂಟೆಯ ದಾರಿ. ಅಂಗನವಾಡಿ ಎಂಬ ಪದ ಕನ್ನಡದ ಹಳ್ಳಿಹಳ್ಳಿಗೂ ತಲುಪಿದುದು ಆ ಯೋಜನೆಯ ಮೂಲಕ.

ಪಟ್ಟಣಗಳಲ್ಲಿ ಮಾತ್ರ ಮೂರನೆಯ ದಾರಿಯೊಂದು ಹಿಡಿಸಿತು. ಜರ್ಮನ್ ಪದವನ್ನು ಇಂಗ್ಲಿಷಿನ ಮೂಲಕ ತಂದು, ಅದನ್ನೂ ಮೊಟಕುಗೊಳಿಸಿ, ‘ಎಲ್‌ಕೆಜಿ’, ‘ಯುಕೆಜಿ’ ಎಂಬ ಅಕ್ಷರಗಳನ್ನಾಗಿ ಮಾಡಲಾಯಿತು. ಆ ‘ಜಿ’ ಎಂಬ ಒಂದಕ್ಷರದಲ್ಲಿ ಒಂದು ತೋಟ ಹೂತುಹೋಗಿದೆಯೆಂಬುದು ಶುಲ್ಕ ಕಟ್ಟುವ ತಂದೆತಾಯಿಗಳಿಗೆ ತಿಳಿಯದು. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿ ಶ್ರೀವಿಜಯನು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಬೆಸೆಯುವುದನ್ನು, ಕಾಯಿಸಿದ ಹಾಲಿಗೆ ಮಜ್ಜಿಗೆಯ ಹನಿಯನ್ನು ಬೆರೆಸುವುದಕ್ಕೆ ಹೋಲಿಸಿದ್ದಾನೆ. ವೈಯಾಕರಣರು ಅಂತಹ ಜೋಡಣೆಗೆ ಅರಿಸಮಾಸವೆಂದು ಹೆಸರಿಟ್ಟರು. ‘ಅರಿ’ ಎಂದರೆ ಶತ್ರು. ಹಾಗೆಂದು ಬೇರೆ ಭಾಷೆಯ ಪದವೆಲ್ಲವೂ ಶತ್ರುವೆಂದು ಅವರ ಅಭಿಪ್ರಾಯವಲ್ಲ. ರೂಢಿಯಲ್ಲಿ ನೆಲೆಗೊಂಡ ಬಿರುದು ಮೊದಲಾದವನ್ನು ಕೇಶಿರಾಜನು ಒಪ್ಪಿದ್ದಾನೆ. ಪದ ಪರದೇಶದ್ದಾಗಿರುವುದರಿಂದ ಕೇಡಿಲ್ಲ. ಅದನ್ನು ಬಿಡಿಸಿ ನೋಡುವ ಅಭ್ಯಾಸ ತಪ್ಪಿಹೋದರೆ ಕೇಡು. ಒಂಟಿಕೊಪ್ಪಲಿನ ಬದಿಯಲ್ಲೇ ‘ಉದಯರವಿ’ಯಲ್ಲಿ ಬಾಳಿದ ಕುವೆಂಪು ಅವರು ಜರ್ಮನಿಯ ಕಥೆಯ ಕೊಳಲುಗಾರನನ್ನು ಕನ್ನಡದ ಮಕ್ಕಳಿಗೆ ತರುವಾಗ ‘ಕಿಂದರಿಜೋಗಿ’ ಎಂಬ ಪದವನ್ನು ಬಳಸಿದರು. ಕಥೆ ಪರದೇಶದ್ದು, ಕಿಂದರಿಯೂ ಜೋಗಿಯೂ ಈ ನೆಲದವರು. ನಾರ್ವೆಯವರು ತಮ್ಮ ‘ಹಾಗೆ’ಯನ್ನು ತಂದು ಜೋಡಿಸಿದ್ದೂ ಇದೇ ಬಗೆಯ ಕೆಲಸ.

‘ಶಿಶುವಿಹಾರ’ವೆಂಬ ಪದವನ್ನು ಯಾರು ಮೊದಲು ಹೇಳಿದರೋ, ಅವರು ತೋಟವನ್ನು ಕೈಬಿಟ್ಟು ವಿಹಾರವನ್ನು ಆರಿಸಿಕೊಂಡರು. ಇದು ಅನುವಾದವಲ್ಲ, ಬೇರೊಂದು ಅಭಿಪ್ರಾಯ. ವಿಹಾರವೆಂದರೆ ಇಷ್ಟಬಂದಂತೆ ಸಂಚರಿಸುವುದು, ಅದರ ಸಂತೋಷ. ಬೌದ್ಧರಲ್ಲಿ ಅದು ಭಿಕ್ಷುಗಳ ವಾಸಸ್ಥಾನಕ್ಕೂ ಹೆಸರಾಯಿತು. ಜೈನಪರಂಪರೆಯಲ್ಲಿ ಮುನಿಗಳು ಒಂದೂರಿನಿಂದ ಇನ್ನೊಂದೂರಿಗೆ ಬರಿಗಾಲಿನಲ್ಲಿ ನಡೆಯುವುದಕ್ಕೆ ಈಗಲೂ ವಿಹಾರವೆಂದೇ ಹೆಸರು. ಆ ಸಂಚಾರ ಸ್ವಚ್ಛಂದವಲ್ಲ. ನೊಗದಷ್ಟು ದೂರದ ನೆಲವನ್ನು ನೋಡುತ್ತ, ಕಾಲಡಿಯ ಜೀವಕ್ಕೆ ನೋವಾಗದಂತೆ ಹೆಜ್ಜೆ ಇಡುವುದು ಈರ್ಯಾಸಮಿತಿ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ನಾಲ್ಕು ತಿಂಗಳು ವಿಹಾರವೇ ನಿಂತು ಚಾತುರ್ಮಾಸವಾಗುತ್ತದೆ. ಬೇಲಿ ಹೊರಗಿಲ್ಲ, ನಡೆಯುವವರ ಕಣ್ಣಿನಲ್ಲಿಯೇ ಇದೆ.

ನಾರ್ವೆಯವರಿಗೂ ಇಂತಹದೊಂದು ಪದವಿದೆಯೆಂದು ಮಗಳು ಹೇಳಿದಳು: ‘ಆಲೆಮನ್ಸ್‌ರೆಟ್’, ಅಂದರೆ ಎಲ್ಲರ ಹಕ್ಕು. ಬೇಸಾಯವಿಲ್ಲದ ಬಯಲು, ಕಾಡು, ಬೆಟ್ಟಗಳಲ್ಲಿ, ಅವು ಯಾರ ಸ್ವತ್ತಾಗಿದ್ದರೂ, ಹಾನಿ ಮಾಡದೆ ನಡೆದಾಡುವ ಹಕ್ಕು ಎಲ್ಲರಿಗೂ ಉಂಟೆಂಬುದು ಅಲ್ಲಿನ ಹಳೆಯ ರೂಢಿ. 1957ರ ಕಾನೂನು ಅದನ್ನು ಬರವಣಿಗೆಯಲ್ಲಿ ಸ್ಥಿರಪಡಿಸಿತು. ಬಾರ್ನೆಹಾಗೆಯ ಮಕ್ಕಳನ್ನು ಮಳೆಯಲ್ಲಿಯೂ ಹಿಮದಲ್ಲಿಯೂ ತಕ್ಕ ಉಡುಪು ತೊಡಿಸಿ ಹೊರಗೆ ಆಡಲು ಬಿಡುತ್ತಾರಂತೆ. ಇದಕ್ಕೆ ಸಾಕ್ಷಿ ಮನೆಯಲ್ಲಿಯೇ ಇತ್ತು. ಆಷಾಢದ ತುಂತುರಿಗೆ ಇಲ್ಲಿಯ ಮಕ್ಕಳು ಒಳಗೆ ಓಡಿದರೆ ಮೊಮ್ಮಗಳು ಹೊರಗೆ ಓಡುತ್ತಿದ್ದಳು. ಹತ್ತು ದಿನಗಳಲ್ಲಿ, ಭಾಷೆ ಬಾರದೆಯೇ, ಹೊಂಗೆಯ ಬುಡದಲ್ಲಿ ತರಕಾರಿಯವರ ಮಗನೊಡನೆ ಕೆಸರಿನ ಕಾಲುವೆಯೊಂದನ್ನು ತೋಡಿ ಮುಗಿಸಿದ್ದಳು. ಉಪಾಧ್ಯಾಯಿನಿ ಗದರಿಸಲಿಲ್ಲ. ಕಾಲುವೆಯ ದಾರಿಯಲ್ಲಿ ಇರುವೆಯ ಗೂಡು ಸಿಕ್ಕಾಗ ಇಬ್ಬರನ್ನೂ ಕೂರಿಸಿ ತೋರಿಸಿದರು. ಮಕ್ಕಳು ಕಾಲುವೆಯನ್ನು ಸುತ್ತುದಾರಿಗೆ ತಿರುಗಿಸಿದರು. ವರ್ತಕರು ಇದನ್ನು ಕಿಟಕಿಯಿಂದ ಕಂಡರು.

ಆ ರಾತ್ರಿ ಅವರು ವಿಗ್ರಹವಾಕ್ಯದ ಪ್ರಶ್ನೆಗೆ ಬಂದರು. ‘ಮಕ್ಕಳ ತೋಟ’ವೆಂದರೆ ಮಕ್ಕಳಿಗೋಸ್ಕರ ದೊಡ್ಡವರು ಮಾಡಿದ ತೋಟವೆ? ಹಾಗಾದರೆ ಅದು ಚತುರ್ಥಿ. ಮಕ್ಕಳಿಗೆ ಸೇರಿದ ತೋಟವೆ? ಹಾಗಾದರೆ ಷಷ್ಠಿ. ಮಕ್ಕಳೇ ಗಿಡಗಳಾಗಿ ಬೆಳೆಯುವ ತೋಟವೆ? ಹಾಗಾದರೆ ಅದು ರೂಪಕ. ಫ್ರೋಬೆಲ್‌ನ ಮನಸ್ಸಿನಲ್ಲಿ ಮೂರನೆಯದು ಮುಖ್ಯವಾಗಿತ್ತು. ಆದರೆ ಎರಡನೆಯದನ್ನು ಅವನು ಮರೆಯಲಿಲ್ಲ. ಅವನ ಯೋಜನೆಯ ತೋಟದಲ್ಲಿ ಪ್ರತಿಯೊಂದು ಮಗುವಿಗೂ ತನ್ನದೇ ಆದ ಒಂದು ಸಣ್ಣ ಪಾತಿ; ಅವುಗಳ ಸುತ್ತ ಎಲ್ಲರಿಗೂ ಸೇರಿದ ಪಾತಿಗಳು. ತನ್ನದನ್ನು ತಾನು ಬೆಳೆಸಬೇಕು, ಎಲ್ಲರದನ್ನು ಎಲ್ಲರೂ ಕೂಡಿ ನೋಡಿಕೊಳ್ಳಬೇಕು. ಇಂತಹ ನಿರಪಾಯದ ಕೆಲಸವನ್ನು ಕೂಡ ಪ್ರಷ್ಯಾದ ಸರ್ಕಾರ 1851ರಲ್ಲಿ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡನು; ನಿಷೇಧ ತೆರವಾದುದು 1860ರಲ್ಲಿ. ಪದ ಬದುಕಿತು, ಅದನ್ನು ಹೇಳಿದವನಿಗೆ ಅದು ಬದುಕಿದ್ದು ತಿಳಿಯಲಿಲ್ಲ.

ನಾಲ್ಕನೆಯ ಅರ್ಥವೊಂದು ಸಾಧ್ಯವೆಂಬುದು ಫ್ರೋಬೆಲ್‌ಗೆ ಹೊಳೆದಿರಲಾರದು. ಅದು ತೃತೀಯಾ: ಮಕ್ಕಳಿಂದ ಫಲ ಕೊಡುವ ತೋಟ. ಹಲಗೆಯ ಮೇಲೆ ಮೂರೂ ಅರ್ಥಗಳು ಹೊಂದುವಂತೆ ಬರೆದು, ಕರಾರಿನಲ್ಲಿ ನಾಲ್ಕನೆಯದನ್ನು ನಡೆಸಬಹುದು. ಸಮಾಸದಲ್ಲಿ ಪ್ರತ್ಯಯ ಕಾಣಿಸುವುದಿಲ್ಲವಾದುದರಿಂದ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಹಾಗೆ ಯೋಚಿಸುತ್ತಿದ್ದಂತೆ, ಆ ನಾಲ್ಕನೆಯ ಅರ್ಥದಲ್ಲಿ ಬಾಡಿಗೆ ಪಡೆಯುವ ತಾವೂ ಪಾಲುದಾರರೆಂಬುದು ವರ್ತಕರಿಗೆ ಸ್ಪಷ್ಟವಾಯಿತು. ಮೇಜಿನ ಖಾನೆಯಲ್ಲಿದ್ದ ಪತ್ರದಲ್ಲಿ ಒಂದಕ್ಷರವೂ ಅಸತ್ಯವಿರಲಿಲ್ಲ. ಆದರೆ ಅದು, ಪತ್ನಿ ತೀರಿಕೊಂಡ ವರ್ಷ ಅವರು ಕೊಟ್ಟ ಮಾತನ್ನು ಲೋಪ ಮಾಡಿ ಬರೆದ ಪತ್ರವಾಗಿತ್ತು.

ಮರುದಿನ ಮಕ್ಕಳು ಹೋದ ಮೇಲೆ ಅವರು ಹಿತ್ತಲಿಗೆ ಹೋಗಿ, ಉಪಾಧ್ಯಾಯಿನಿಯನ್ನು ಕೇಳಿದರು: “ತಾಯಿ, ಶಿಶುವಿಹಾರವೆಂಬ ಪದವನ್ನು ನೀವು ಹೇಗೆ ಬಿಡಿಸುತ್ತೀರಿ?”

ಆಕೆ ಚಾಪೆ ಸುತ್ತುತ್ತ ಸ್ವಲ್ಪ ಹೊತ್ತು ಯೋಚಿಸಿದರು. “ಶಿಶುಗಳ ವಿಹಾರ, ಯಜಮಾನರೇ. ಕೋಣೆ ನಿಮ್ಮದು, ಬಾಡಿಗೆ ಕೊಡುವ ಹೊಣೆ ನನ್ನದು. ವಿಹಾರ ಅವರದು.” ಬಳಿಕ ತಾವಾಗಿಯೇ ಹೇಳಿದರು: “ದೊಡ್ಡ ಸಂಸ್ಥೆಯವರು ಬಂದುಹೋದದ್ದು ನನಗೂ ತಿಳಿದಿದೆ. ನಿಮಗೆ ಬಿಡಿಸಬೇಕೆಂದಿದ್ದರೆ ವರ್ಷದ ನಡುವೆ ಬೇಡ; ಮಾರ್ಚಿಯವರೆಗೆ ಅವಕಾಶ ಕೊಡಿ. ಮಕ್ಕಳನ್ನು ನಡುದಾರಿಯಲ್ಲಿ ಬಿಡಲಾರೆ.”

ತಮಗೆ ಕೊಟ್ಟ ಮಾತನ್ನು ಆಕೆ ನೆನಪಿಸಲಿಲ್ಲ. ನೆನಪಿಸಿದ್ದರೆ ವರ್ತಕರಿಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತೇನೋ.

ಆ ಸಂಜೆ ಅವರು ಮಗನನ್ನು ಕೂರಿಸಿಕೊಂಡು ಮಾತನಾಡಿದರು. ಖಾತೆಯ ಹೆಸರು ಬದಲಾದ ಮಾತ್ರಕ್ಕೆ ಹಣ ಬೇರೆಯಾಗುವುದಿಲ್ಲ. ವ್ರತ ಮುರಿಯದಿದ್ದರೂ ಅತಿಚಾರ ತಪ್ಪುವುದಿಲ್ಲ ಎಂದರು. ಕೊಟ್ಟ ಮಾತಿಗೆ ಕಾಗದವಿಲ್ಲದಿರುವುದು ತಮ್ಮ ತಪ್ಪೇ ಹೊರತು ಆಕೆಯದಲ್ಲ ಎಂದರು. ಮಗ ಕೋಪದಿಂದಲ್ಲ, ಆಯಾಸದಿಂದ ಕೇಳಿದ: “ಅಂಗಡಿಯ ಸಾಲಕ್ಕೆ ಏನು ಮಾಡೋಣ ಅಪ್ಪ? ಬ್ಯಾಂಕಿನವರಿಗೆ ಸಮಾಸ ಬಿಡಿಸಿ ತೋರಿಸಲು ಆಗುವುದಿಲ್ಲ.” ಈ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರವಿರಲಿಲ್ಲ. ತಮ್ಮ ಹೆಸರಿನಲ್ಲಿದ್ದ ಒಂದು ಠೇವಣಿಯನ್ನು ಮುರಿದು ಸಾಲದ ಒಂದು ಭಾಗವನ್ನು ತೀರಿಸಲು ವರ್ತಕರು ಒಪ್ಪಿದರು. ಉಳಿದ ಭಾಗವನ್ನು ಮಗ ಹೆಚ್ಚು ವರ್ಷ ಹೊರಬೇಕಾಯಿತು, ಈಗಲೂ ಹೊರುತ್ತಿದ್ದಾನೆ. ತಂದೆಯ ತೀರ್ಮಾನ ಸರಿಯೆಂದು ಅವನು ಇಂದಿಗೂ ಪೂರ್ತಿಯಾಗಿ ಒಪ್ಪಿಲ್ಲ. ಧರ್ಮದ ಬೆಲೆಯನ್ನು ತೀರ್ಮಾನ ಮಾಡಿದವರೇ ಪೂರ್ತಿಯಾಗಿ ತೆರುವುದು ಅಪರೂಪ. ಮನೆಯವರೂ ಅದರಲ್ಲಿ ಪಾಲು ಹೊರುತ್ತಾರೆ. ಇದನ್ನು ಮರೆತು ತ್ಯಾಗದ ಮಾತನಾಡುವುದು ಯಾರಿಗೂ ಶೋಭಿಸದು.

ಹಿತ್ತಲಿನ ಎರಡು ಕೋಣೆಗಳಿಗೆ ಐದು ವರ್ಷಗಳ ಬಾಡಿಗೆ ಕರಾರು ನೋಂದಣಿಯಾಯಿತು. ತಮ್ಮ ಕೈಯಲ್ಲಾದಷ್ಟು ಸೇರಿಸುತ್ತೇನೆಂದು ಉಪಾಧ್ಯಾಯಿನಿಯೇ ಹಟ ಮಾಡಿದ್ದರಿಂದ ಬಾಡಿಗ 10,000 ರೂಪಾಯಿ ಎಂದು ನಿಶ್ಚಯವಾಯಿತು. ಕರಾರಿನಲ್ಲಿ, ಮರಗಳನ್ನು ಮಾಲೀಕರಾಗಲಿ ಬಾಡಿಗೆದಾರರಾಗಲಿ ಕಡಿಯತಕ್ಕದ್ದಲ್ಲ ಎಂಬ ಒಂದು ಸಾಲನ್ನು ವರ್ತಕರು ತಾವೇ ಹೇಳಿ ಬರೆಸಿದರು. ಹಳೆಯ ಬಾವಿಗೆ ಮಾತ್ರ ಕಬ್ಬಿಣದ ಜಾಲರಿಯನ್ನು ಹೊದಿಸಲಾಯಿತು. ಅದು ಇಷ್ಟು ವರ್ಷ ಬರಿಯ ಹಲಗೆ ಮುಚ್ಚಿಕೊಂಡೇ ಇದ್ದುದು ಅವರ ಗಮನಕ್ಕೆ ಬಂದುದು, ಬೇಲಿ ಎಂಬ ಅರ್ಥವನ್ನು ಓದಿದ ಮೇಲೆ. ವಿಹಾರ ಬೇಕೆಂದವರು ಬೇಲಿಯ ಹೊಣೆಯನ್ನೂ ಹೊರಬೇಕಾಗುತ್ತದೆ. ನಾರ್ವೆಯ ಪದ ಅವರಿಗೆ ಕಲಿಸಿದ ಪಾಠ ಇದು.

ನಾವು ಬಳಸುವ ದೊಡ್ಡ ಪದಗಳೆಲ್ಲ ಬಹುಮಟ್ಟಿಗೆ ಸಮಾಸಗಳೇ: ಧರ್ಮಕಾರ್ಯ, ಜನಸೇವೆ, ವಿದ್ಯಾದಾನ, ಲೋಕಕಲ್ಯಾಣ. ಇವುಗಳಲ್ಲಿ ಲೋಪವಾದ ಪ್ರತ್ಯಯ ಯಾವುದು, ಯಾರಿಂದ, ಯಾರಿಗೆ, ಯಾರದು ಎಂದು ವಾಚಕರು ಒಮ್ಮೆಯಾದರೂ ಬಿಡಿಸಿ ನೋಡಿಕೊಳ್ಳಬೇಕು. ವರ್ಷದ ಕೊನೆಯಲ್ಲಿ ಅಂಗಡಿಯ ಲೆಕ್ಕವನ್ನು ತಾಳೆ ನೋಡುವಷ್ಟೇ ಅವಶ್ಯವಾದ ಕೆಲಸ ಅದು.

ರಜೆ ಮುಗಿದು ಮೊಮ್ಮಗಳು ಟ್ರಾಂಡ್‌ಹೈಮಿಗೆ ಹಿಂತಿರುಗಿದಳು. ಅಲ್ಲಿಯ ತನ್ನ ಬಾರ್ನೆಹಾಗೆಯನ್ನು ಅವಳು ಈಗ ‘ವಿಹಾರ’ ಎಂದು ಕರೆಯುತ್ತಾಳೆಂದೂ, ಅದರ ಅರ್ಥವೇನೆಂದು ಅಲ್ಲಿನ ಶಿಕ್ಷಕಿಯರು ಕೇಳುತ್ತಿದ್ದಾರೆಂದೂ ಮಗಳು ದೂರವಾಣಿಯಲ್ಲಿ ತಿಳಿಸಿದಳು. ಏನೆಂದು ಹೇಳಲಿ ಎಂಬ ಅವಳ ಪ್ರಶ್ನೆಗೆ, “ನೋಡಿಕೊಂಡು ನಡೆಯುವುದು ಎಂದು ಹೇಳಮ್ಮ” ಎಂದರು ತಾತ.